ಎಂಜಿನ್ನಿಗೆ ಬಿದ್ದ ಕಾಯಿನೀರು

ಮೊನ್ನೆ ನಮ್ಮ ಮಿಕ್ಸರ್ ರಿಪೇರಿಗೆ ಬಂದವನು ಫಾರ್ಮು ತೆಗೆದು, "ಒಳಗ ನೀರು ಹೋಗಿತ್ತೇನ್ರಿ?" ಎಂದ. "ನನಗ ಗೊತ್ತಿಲ್ಲಪಾ" ಎಂದೆ. ಗೊತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು ಒಂದು ಮಿಕ್ಸರಿಗೆ ಇಷ್ಟು ಹೆದರುವುದೇ ಎಂದು ನೀವು ನಗಬಹುದು, ನಗಿರಿ. ಆದರೆ ಇದೇ ಪ್ರಶ್ನೆಗೆ ನಾನು ಒಮ್ಮೆ ಉತ್ತರ ಬರೆದು ಕೆಟ್ಟವಳು.

ಎಪ್ಪತ್ತರ ದಶಕದ ಮಾತು. ಇಂಗಳೇಶ್ವರದಿಂದ ಝಳಕಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಮನೆಯವರು ಸಿಂದಗಿಯಲ್ಲಿ ಮಾಸ್ತರರು, ವಾರಕ್ಕೊಮ್ಮೆ ಬರುವವರು. ಹೀಗಾಗಿ ಮನೆಯಲ್ಲಿ ಓದುಬರಹ ಬಲ್ಲವಳು ಮೆಟ್ರಿಕ್ ಪಾಸಾದ ನಾನೊಬ್ಬಳೇ. ಆ ಹೆಮ್ಮೆ ನನಗೂ ಕಡಿಮೆ ಇರಲಿಲ್ಲ. ರೊಟ್ಟಿ ಬಡಿಯಲು ಬಾರದ್ದನ್ನು ಅದರಲ್ಲೇ ಮುಚ್ಚಿಕೊಳ್ಳುತ್ತಿದ್ದೆ.

ಮಾವ ಲಿಂಬೆ ತೋಟಕ್ಕೆಂದು ಬಾವಿಗೆ ಹೊಸ ಡೀಸೆಲ್ ಎಂಜಿನ್ ಕೂಡಿಸಿದ್ದರು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾವ ಎಂಜಿನ್ನಿಗೂ ಸೋಮವಾರ ರಜೆ ಕೊಟ್ಟರು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕುಂಟೆ, ಕುಡುಗೋಲಿನ ಜೊತೆ ಅದಕ್ಕೂ ವಿಭೂತಿ ಬಳಿದು, ಅದರ ತಲೆಯ ಮೇಲೆಯೇ ಕಾಯಿ ಒಡೆದರು. ಡೀಸೆಲ್ ಟಾಕಿಯ ಮುಚ್ಚಳ ತೆರೆದಿತ್ತು. ನೀರೆಲ್ಲ ಒಳಗೆ. ನಾಲ್ಕು ದಿನಕ್ಕೆ ಎಂಜಿನ್ ದಡ್ ಎಂದು ನಿಂತಿತು.

ಕಂಪನಿಗೆ ಬರೆದೆ. ಮೂರು ಪತ್ರಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ, ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಬಂತು. ಬರೆದೆ. ಗ್ಯಾರಂಟಿ ಕಾರ್ಡು ಕಳಿಸಿ ಎಂದರು. ಕಳಿಸಿದೆವು. ಕಾರ್ಡು ಮುಟ್ಟಿಲ್ಲ ಎಂದರು. ಶಿವರಾತ್ರಿ ಬರುವಷ್ಟರಲ್ಲಿ ಮೊದಲ ಕಾಯಿ ಹಿಡಿದ ಗಿಡಗಳ ಎಲೆ ಮುದುಡತೊಡಗಿತು. ನಾನೂ ಅತ್ತೆಯೂ ಕೊಡದಲ್ಲಿ ನೀರು ಹೊತ್ತು ಗಿಡಗಿಡಕ್ಕೆ ಹಾಕಿದೆವು. ಆ ಕಂಪನಿಯ ಮೇಲೆ ನನಗೆ ಬಂದ ಸಿಟ್ಟು ಗಂಡನ ಮೇಲೂ ಬಂದಿಲ್ಲ.

ಕೊನೆಗೆ ಸೊಲ್ಲಾಪುರದಿಂದ ಕಂಪನಿಯ ಮಿಸ್ತ್ರಿಯೊಬ್ಬ ಬಂದ. ಎಂಜಿನ್ ಬಿಚ್ಚಿ, ಬಿರುಕು ಬಿಟ್ಟ ಪಿಸ್ಟನ್ ತೋರಿಸಿ ದನಿ ಇಳಿಸಿದ. "ಅಕ್ಕಾರ, ಈ ಮಾಲs ಕಚ್ಚಾ. ಎಲ್ಲಾ ಕಡೆ ಹಿಂಗs ಒಡದಾವ. ನಾ ಹೇಳೇನಿ ಅನಬ್ಯಾಡ್ರಿ." ಆಮೇಲೆ ಫಾರ್ಮು ಕೊಟ್ಟ. ಟಾಕಿಯೊಳಗೆ ನೀರು ಹೋಗಿತ್ತೇ? ಹೌದು ಎಂದರೆ ಗ್ಯಾರಂಟಿ ಮುಗಿಯಿತು.

"ಮುಳ್ಳ ಮುಳ್ಳಿಲೇ ತಗೀಬೇಕು. ಇಲ್ಲಂತ ಬರಿ" ಎಂದರು ಅತ್ತೆ.

"ಮಂದಿ ಮಣ್ಣ ತಿಂದ್ರ ನಾವೂ ತಿನ್ನೂದೇನು? ಯವ್ವಾ, ನೀ ಖರೇ ಬರಿ" ಎಂದರು ಮಾವ.

ನಾನು ಇಲ್ಲ ಎಂದು ಬರೆದೆ. ಮಾವ ಹೆಬ್ಬೆಟ್ಟು ಒತ್ತಿದರು. ಏನು ಬರೆದೆ ಎಂದು ಕೇಳಲಿಲ್ಲ, ನಂಬಿದ್ದರು. ಹೌದು ಎಂದಿದ್ದರೆ ತಪ್ಪೆಲ್ಲ ಕಾಯಿನೀರಿನದಾಗಿ ಕಂಪನಿ ಪಾರಾಗುತ್ತಿತ್ತು. ಅಂದರೆ ನನ್ನ ಸುಳ್ಳೇ ಖರೆಯನ್ನು ಹೇಳಿತಲ್ಲವೇ? ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ನನಗೆ ಬಗೆಹರಿದಿಲ್ಲ. ನಿಮಗೆ ಬಗೆಹರಿದರೆ ಹೇಳಿ.

ಹೊಸ ಪಿಸ್ಟನ್ ಬಂತು, ಗಿಡ ಉಳಿದವು. ಮಾವ ಮಾತ್ರ ಕಂಡಕಂಡವರಿಗೆ, "ನನ್ನ ಸೊಸಿ ಖರೇ ಬರದ್ಲು, ಕಂಪನಿ ಮಾತಾಡದs ರಿಪೇರಿ ಮಾಡಿಕೊಟ್ತು" ಎಂದು ಸಾರಿದರು. ಅದನ್ನು ಕೇಳಿ ಅವರ ಬಾಲ್ಯದ ಗೆಳೆಯ, ಪಕ್ಕದ ಹೊಲದ ಸಂಗಪ್ಪನವರು ಅದೇ ಕಂಪನಿಯ ಎಂಜಿನ್ ತಂದರು. ಅದೂ ಒಡೆಯಿತು. ಮಳೆನೀರು ಹೊಕ್ಕದ್ದನ್ನು ಅವರು ಫಾರ್ಮಿನಲ್ಲಿ ಬರೆಸಿದರು. ಕಂಪನಿ ತಿರುಗಿ ನೋಡಲಿಲ್ಲ.

ಸಂಗಪ್ಪನವರು ನಮ್ಮ ಕಟ್ಟೆಗೆ ಬಂದು ಕೂತರು. ಮಾವ ಹೇಳಿದರು, "ನೀ ಖರೇ ಬರಸಿಲ್ಲ ತಗೋ."

"ನಿನ್ನ ಮಾತ ಕೇಳೇ ಬರಸೇನಿ ಮಾರಾಯಾ."

"ಖರೇ ಬರಸಿದ್ರ ನಮಗ್ಯಾಕ ಮಾಡಿಕೊಟ್ರು?"

ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಸಂಗಪ್ಪನವರು ಚಹಾ ಕುಡಿಯದೆ ಎದ್ದು ಹೋದರು. ಮತ್ತೆ ಆ ಕಟ್ಟೆಗೆ ಬರಲಿಲ್ಲ. ಇಬ್ಬರೂ ಮಾತಿಲ್ಲದೆಯೇ ತೀರಿಕೊಂಡರು.

ಕಂಪನಿಗೆ ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಇರಬೇಕೋ ಏನೋ ತಿಳಿಯದು. ಮಿಕ್ಸರಿನವನು ಹೋದ ಮೇಲೆ ನಿದ್ದೆ ಹತ್ತಲಿಲ್ಲ. ನಿನ್ನೆ ಸಂಗಪ್ಪನವರ ಮಗ ಹೊಲಕ್ಕೆ ಹೊರಟಿದ್ದ. ಕರೆದೆ.

"ನಿಮ್ಮಪ್ಪ ಖರೇ ಬರಸಿದ್ರಪಾ. ಸುಳ್ಳ ಬರದಾಕಿ ನಾ" ಎಂದು ಎಲ್ಲ ಹೇಳಿದೆ.

ಅವನೂ ಈಗ ಅರವತ್ತರ ಮನುಷ್ಯ.

"ಅಪ್ಪ ಇದ್ದಾಗ ಹೇಳಬೇಕಿತ್ರಿ, ಅವ್ವಾರ" ಎಂದು ಹೋದ.