ಹೊಳೆಯುವ ಮಗ್ಗುಲು

ಶಿವಯೋಗಿ ಸಾಹುಕಾರರಿಗೆ ಹೊಳೆಯುವುದೆಲ್ಲ ಒಳ್ಳೆಯದು. ಕೈಯ ಉಂಗುರ, ಕಾಲಿನ ಬೂಟು, ಮುಧೋಳದ ವರ್ಕ್‌ಶಾಪಿನ ಗಾಜಿನ ಬಾಗಿಲು, ಎಲ್ಲವೂ ಹೊಳೆಯಬೇಕು. ಒಳಗಿನ ಫೈಬರ್ ಲೇಸರ್ ಯಂತ್ರಕ್ಕೆ ಅಮಾವಾಸ್ಯೆಗೊಮ್ಮೆ ಕಾಯಿ ಒಡೆಯುತ್ತಿದ್ದರು. ಅದನ್ನು ಶುರು ಮಾಡುವ ಗುಂಡಿ ಎಲ್ಲಿದೆಯೆಂದು ಯಾರಾದರೂ ಕೇಳಿದರೆ ಮಾತ್ರ ಭಾಗ್ಯಾಳ ಮುಖ ನೋಡುತ್ತಿದ್ದರು.

ಭಾಗ್ಯಾ ಬನಹಟ್ಟಿಯ ನೇಕಾರರ ಮನೆಯವಳು, ಹರಿದ ಎಳೆಯನ್ನು ಬೆರಳಲ್ಲೇ ಹುಡುಕಿ ಬೆಳೆದವಳು. ಐಟಿಐ ಮುಗಿಸಿ ಆರು ವರ್ಷದಿಂದ ಆ ಯಂತ್ರದಲ್ಲೇ ಸಕ್ಕರೆ ಕಾರ್ಖಾನೆಗಳ ಜರಡಿ ತಗಡಿಗೆ ಸಣ್ಣ ಸಣ್ಣ ತೂತು ಕೊರೆಯುತ್ತಿದ್ದಳು. ಗರಗರ ತಿರುಗುವ ಆ ಜರಡಿ ಕಾಕಂಬಿಯನ್ನು ಹೊರಗೆ ಬಿಟ್ಟು ಸಕ್ಕರೆಯನ್ನು ಒಳಗೆ ಉಳಿಸಬೇಕು. ಲೇಸರ್ ಹೊಕ್ಕ ಕಡೆ ತೂತಿನ ಬಾಯಿ ಅಗಲ, ಹೊರಬಿದ್ದ ಕಡೆ ಕಿರಿದು. ಕಿರಿದಾದದ್ದೇ ಸಕ್ಕರೆಗೆ ಎದುರಾಗಬೇಕು, ತಿರುವುಮುರುವಾದರೆ ಕಾಳು ಹೊಕ್ಕು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಗಲ ಬಾಯಿಯ ಒರಟು ಮಗ್ಗುಲಿನ ಅಂಚಿಗೆ ಅವಳೊಂದು ಗೀಟು ಹಾಕುತ್ತಿದ್ದಳು: ಇದು ಹೊರಗೆ.

ಈ ಸಲ ತಗಡು ಕೊರೆದಿಟ್ಟು ಅವಳು ರಜೆ ಹೋದಾಗ ಸಾಹುಕಾರರು ಆ ಒರಟು ಮಗ್ಗುಲನ್ನು ಪಾಲಿಶ್ ಮಾಡಿಸಿದರು. ಗೀಟು ಅಳಿಸಿಹೋಯಿತು. "ಹೊಳಿಯೂ ಕಡೆ ಒಳಗ ಹಾಕ್ರಿ" ಎಂದು ಕಾರ್ಖಾನೆಗೆ ಫೋನು ಮಾಡಿದವರೂ ಅವರೇ. ಎರಡೇ ದಿನಕ್ಕೆ ಜರಡಿಯ ತೂತು ಕಟ್ಟಿಕೊಂಡವು.

ಕಾರ್ಖಾನೆಯ ಎಂಜಿನಿಯರ್ ರಾಮಲಿಂಗಪ್ಪ ತಗಡು ಹಿಡಿದು ಬಂದಾಗ ಭಾಗ್ಯಾ ರಜೆ ಮುಗಿಸಿ ಬಂದಿದ್ದಳು. ಕುಣಿಯಲಾರದ ಸಾಹುಕಾರರು ನೆಲ ಡೊಂಕು ಅಂದರು.

"ಈಕಿ ತೂತು ಕೆಡಿಸ್ಯಾಳ್ರಿ. ನಾಳಿಂದ ಬರಬ್ಯಾಡ ಅಂತ ಹೇಳೇನಿ."

ಹೇಳಿದ್ದು ಆ ಗಳಿಗೆಯಲ್ಲೇ, ಎಲ್ಲರೆದುರು. ಕೆಲಸವಂತೂ ಹೋಯಿತು. ತೂತು ಕೆಡಿಸಿದವಳೆಂಬ ಹೆಸರು ಅಂಟಿಕೊಂಡರೆ ಜಮಖಂಡಿಯಿಂದ ಬೀಳಗಿಯವರೆಗೆ ಯಾರೂ ಅವಳನ್ನು ಯಂತ್ರ ಮುಟ್ಟಗೊಡುವುದಿಲ್ಲ. ಭಾಗ್ಯಾಳಿಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಅಷ್ಟರಲ್ಲಿ ಸಾಹುಕಾರರ ಫೋನು ರಿಂಗಾಯಿತು, ಅವರು ಎದ್ದು ಹೊರಗೆ ಹೋದರು.

"ಒಂದ್ ಸ್ವಲ್ಪ ನಿಲ್ರಿ ಸರ್."

ಅವಳು ತಗಡನ್ನು ಬಿಸಿನೀರಲ್ಲಿ ತೊಳೆದು ಒರೆಸಿದಳು. ಚಹಾಕ್ಕಿಟ್ಟ ಸಕ್ಕರೆ ಡಬ್ಬಿಯ ತಳದ ಸಣ್ಣ ಕಾಳನ್ನು ಹೊಳೆಯುವ ಕಡೆ ಸುರಿದು ಅಂಗೈಯಿಂದ ತಿಕ್ಕಿ ಕೊಡವಿದಳು. ಕಾಳು ತೂತಿನಲ್ಲೇ ಕಚ್ಚಿಕೊಂಡಿತು. ಮತ್ತೆ ತೊಳೆದು, ತಿರುವಿ ಹಾಕಿ ಹಾಗೆಯೇ ತಿಕ್ಕಿದಳು, ಎಲ್ಲ ಜಾರಿಬಿತ್ತು. ರಾಮಲಿಂಗಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಗೀಟಿನ ಕತೆಯನ್ನೂ ಕೇಳಿಸಿಕೊಂಡರು.

ಸಾಹುಕಾರರು ಒಳಬಂದು ಸಕ್ಕರೆ ಚೆಲ್ಲಿದ್ದು ಕಂಡರು.

"ಅದನ್ನೆಲ್ಲಾ ಈಕಿಗೆ ಕಲಿಸಿದಾಂವನ ನಾನರಿ."

"ಹಂಗಾರ ತೋರಸ್ರಿ ಸಾವಕಾರ್ರ, ಸಕ್ಕರಿ ಯಾವ ಕಡೆ ಇರಬೇಕು?"

ಸಾಹುಕಾರರು ತಗಡನ್ನು ತೋಳಿನಿಂದ ಒರೆಸಿ, ತಮ್ಮ ಮೀಸೆ ಅದರಲ್ಲಿ ಕಾಣುವಂತೆ ಹಿಡಿದು, ಹೊಳೆಯುವ ಮಗ್ಗುಲ ಮೇಲೆ ಬೆರಳಿಟ್ಟರು. "ಇದರಿ ಮತ್ತ!"

ರಾಮಲಿಂಗಪ್ಪ ನಗಲೂ ಇಲ್ಲ. "ಹೊಸಾ ತಗಡು ಯಾವಾಗ ಕೊಡ್ತಿಯವ್ವಾ?" ಎಂದು ಭಾಗ್ಯಾಳನ್ನು ಕೇಳಿದರು.

"ನನಗ ಬರಬ್ಯಾಡ ಅಂದಾರಲ್ರಿ. ಸಾವಕಾರ್ರ ಕೊರದು ಕೊಡ್ತಾರ."

ಸಾಹುಕಾರರು ಯಂತ್ರದ ಕಡೆ ನೋಡಿದರು, ಆಮೇಲೆ ಎಂದಿನಂತೆ ಅವಳ ಮುಖ ನೋಡಿದರು. ಭಾಗ್ಯಾ ಗುಂಡಿ ಎಲ್ಲಿದೆಯೆಂದು ಹೇಳಲಿಲ್ಲ.