ಒಂಬತ್ತು ವರ್ಷದ ಮುಖ್ಯಸ್ಥರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ದಾವಣಗೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು ‘ಆರ್’ ಎಂಬ ಹೊಸ ಕಂಪ್ಯೂಟರ್ ಭಾಷೆಯಲ್ಲಿ ಒಂದು ಫಂಕ್ಷನ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದಿದ್ದರು. ಅಕ್ಷರವಾಗಲಿ ಸಂಖ್ಯೆಯಾಗಲಿ, ಯಾವ ಬಗೆಯ ಮಾಹಿತಿ ಕೊಟ್ಟರೂ ಅದನ್ನು ನಾವು ಕೇಳಿದ ಬಗೆಗೆ ಬದಲಿಸಿ ಕೊಡುತ್ತಿತ್ತು.

“ಏನ್ ಬೇಕಾರೂ ಹಾಕ್ರಿ, ತಪ್ಪಂಗಿಲ್ಲ!” ಅವರ ಈ ಜಂಬ ಕೇಳಿ ಕೇಳಿ ನನಗೆ ರೋಸಿಹೋಗಿತ್ತು.

ಒಂದು ದಿನ ಸ್ಟಾಫ್ ರೂಮಿನ ಒಂಬತ್ತು ಮಂದಿಯ ವಯಸ್ಸನ್ನೇ ಅದಕ್ಕೆ ಹಾಕಿದೆ. ಮುಖ್ಯಸ್ಥರು ಮಾತ್ರ ಯಾರು ಕೇಳಿದರೂ “ಐವತ್ತರ ಆಸುಪಾಸು” ಎನ್ನುವವರು. ಅವರದನ್ನು ಹಾಗೆಯೇ ಅಕ್ಷರಗಳಲ್ಲಿ ಟೈಪ್ ಮಾಡಿದೆ. ಅದೊಂದರ ದೆಸೆಯಿಂದ ಆರ್ ಎಲ್ಲ ವಯಸ್ಸುಗಳನ್ನೂ ಹೆಸರುಗಳೆಂದುಕೊಂಡು, ಅಂಕಿ ಮೊದಲು ಅಕ್ಷರ ಆಮೇಲೆ ಎಂದು ಸಾಲಾಗಿ ನಿಲ್ಲಿಸಿತು. ಫಂಕ್ಷನ್ ಅವನ್ನು ಸಂಖ್ಯೆಯಾಗಿಸುವಾಗ ವಯಸ್ಸಿನ ಬದಲು ಸಾಲಿನ ಕ್ರಮಸಂಖ್ಯೆ ಕೊಟ್ಟಿತು. ನನಗೆ ಮೂರು ವರ್ಷ. ಅಕ್ಷರಗಳಲ್ಲಿದ್ದುದರಿಂದ ಕೊನೆಗೆ ನಿಂತ ಮುಖ್ಯಸ್ಥರಿಗೆ ಒಂಬತ್ತು.

“ಸಾರ್, ನಿಮ್ಮ ಫಂಕ್ಷನ್ ನೋಡ್ರಿ,” ಎಂದು ಹಲ್ಲು ಕಿರಿದೆ.

ಅವರು ಕನ್ನಡಕ ಏರಿಸಿ ಪರದೆಯನ್ನು ಬಹಳ ಹೊತ್ತು ನೋಡಿದರು. ನಾಚಿಕೆಯ ಸುಳಿವೂ ಇರಲಿಲ್ಲ.

“ಇದನ್ನ ಸರಿ ಮಾಡಬ್ಯಾಡ್ರಿ, ಪ್ರಿನ್ಸಿಪಾಲರಿಗೆ ಹಿಂಗೇ ಕಳಿಸ್ರಿ. ಐವತ್ತೆಂಟಕ್ಕೆ ರಿಟೈರ್ ಅಂದ್ರೆ, ನನಗಿನ್ನೂ ನಲವತ್ತೊಂಬತ್ತು ವರ್ಷ ನೌಕರಿ ಐತೆ!”