ಮಹಡಿ ಮೇಲಿನ ಮಗ್ಗಿ

ಬೆಳಿಗ್ಗೆ ಒಂಬತ್ತಾಯಿತೆಂದರೆ ಬೆತ್ತದ ಕುರ್ಚಿ ಹೆಣೆಯುವ ಆಕೆಯ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಮಹಡಿಯ ಮೇಲೆ ವಾರಗಿತ್ತಿಯ ಏಳು ವರ್ಷದ ಮಗಳು ಹದಿಮೂರರ ಮಗ್ಗಿ ಶುರುಮಾಡುತ್ತಿದ್ದಳು, ಎಲ್ಲೂ ಎಡವದೆ. ಕೆಳಗೆ ಇವಳ ಮಗಳು, ಅದೇ ವಯಸ್ಸಿನವಳು, ನೆನೆಹಾಕಿದ ಬೆತ್ತದ ಸೀಳುಗಳನ್ನು ಹಾವು ಮಾಡಿ ಆಡುತ್ತಿದ್ದಳು.

ಮೊದಲು ಮಗಳನ್ನು ಶಾಲೆ ಬಿಡಿಸಿದವಳು ಇವಳೇ. ಗೇಟು ಕಂಡರೆ ಸಾಕು, ಮಗು ವಾಂತಿ ಮಾಡುತ್ತಿತ್ತು. ಅದಕ್ಕೇ ಮನೆಯಲ್ಲೇ ಪಾಠ. ಇವಳನ್ನು ನೋಡಿ ಮೇಲಿನವಳೂ ಬಿಡಿಸಿದಳು.

"ನನ್ನ ಬೆನ್ನ ಹಿಂದೆ ಬಂದೋಳು ನನ್ನನ್ನೇ ದಾಟಿ ಹೋದಳು ನೋಡಿ," ಎಂದು ಇವಳು ಗಂಡನ ಹತ್ತಿರ ಗೊಣಗಿದಳು.

"ಅವರ ಮಗು ಓದಿದ್ರೆ ನೀನ್ಯಾಕೆ ಕುದೀತೀಯ?" ಎಂದ ಅವನು.

ಅವಳು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಎಂಟರಿಂದ ನಾಲ್ಕರವರೆಗೆ ಆರು ವಿಷಯ. ಮಗು ಅದನ್ನು ದಿಟ್ಟಿಸಿ ನೋಡಿ, "ಅಮ್ಮಾ, ಉಚ್ಚೆಗೆ ಹೋಗೋದು ಎಷ್ಟು ಗಂಟೆಗೆ?" ಎಂದು ಕೇಳಿತು. ಮೂರನೇ ವಾರ, ಲೆಕ್ಕದ ಹೊತ್ತಿನಲ್ಲಿ, ಮನೆಯ ಮೇಜಿನ ಮೇಲೆಯೇ ವಾಂತಿ ಮಾಡಿಕೊಂಡಿತು.

ಅದನ್ನು ಒರೆಸುವಾಗ ಮೇಲಿಂದ ಮಗ್ಗಿ ಕೇಳಿಸಿತು. ಅವಳಿಗೆ ತಡೆಯಲಾಗಲಿಲ್ಲ. ಗಲಾಟೆ ಕಡಿಮೆ ಮಾಡಿ ಎಂದು ಹೇಳಲು ದಡದಡನೆ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಹುಡುಗಿಯನ್ನೇ ಕೇಳಿದಳು: "ಪುಟ್ಟೀ, ಹದಿಮೂರು ಏಳಲೆ ಎಷ್ಟು?"

ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಮತ್ತೆ ಮೊದಲಿನಿಂದ ಹಾಡಲು ಶುರುಮಾಡಿದಳು.

"ಅವಳಿಗೆ ಬರೋದು ಅದೊಂದೇ ಮಗ್ಗಿ ಅಕ್ಕಾ," ಎಂದಳು ವಾರಗಿತ್ತಿ ಸೋತ ದನಿಯಲ್ಲಿ. "ಮೂರು ತಿಂಗಳಿಂದ ಅದೇ. ಒಂದು ಗಂಟೆ ಕೂತ್ರೆ ನನ್ನ ಪುಣ್ಯ. ಆಮೇಲೆ ಅವಳೊಂದು ಕಡೆ, ನಾನೊಂದು ಕಡೆ."

"ಅಯ್ಯೋ, ಹೌದಾ!" ಎಂದಳು ಇವಳು. ಬಾಯಲ್ಲಿ ಮರುಕ, ಒಳಗೆ ಹಾಲು ಕುಡಿದಷ್ಟು ಸಂತೋಷ. ಅರ್ಧದಷ್ಟು ಮೆಟ್ಟಿಲು ಇಳಿದ ಮೇಲೆ ನಾಚಿಕೆಯಾಯಿತು. ಏಳು ವರ್ಷದ ಕೂಸು ಎಡವಿದ್ದಕ್ಕೆ ಹಿಗ್ಗಿದೆನಲ್ಲ!

ಅಂದೇ ವೇಳಾಪಟ್ಟಿ ಕಿತ್ತುಹಾಕಿದಳು. ತಿಂಡಿಯಾದ ಮೇಲೆ ಒಂದು ಗಂಟೆ ಓದು, ಲೆಕ್ಕ. ಉಳಿದ ಹೊತ್ತು ಮಗು ಅವಳ ಪಕ್ಕ ಕೂತು ಕುರ್ಚಿ ಹೆಣಿಗೆಯ ಕಣ್ಣುಗಳನ್ನು ಎಣಿಸುತ್ತಿತ್ತು, ಮನಸ್ಸಿಲ್ಲದಿದ್ದರೆ ಇಲ್ಲ.

ವರ್ಷ ತುಂಬುವ ಹೊತ್ತಿಗೆ ಮಗಳು ಸಾಲಿನ ಕೆಳಗೆ ಬೆರಳಿಟ್ಟು ಅರ್ಧ ಪುಟ ಓದುವಷ್ಟಾದಳು. ವಾಂತಿ ನಿಂತಿತ್ತು. ಅದೇ ವಾರ ಮೇಲಿನ ಹುಡುಗಿ ಇಡೀ ಕಥೆಪುಸ್ತಕವೊಂದನ್ನು ಓದಿ ಮುಗಿಸಿದಳೆಂದು ಸುದ್ದಿ ಬಂತು. ಇವಳ ಎದೆ ಮತ್ತೆ ಚುರ್ರೆಂದಿತು.

"ಅಮ್ಮಾ, ಉಳಿದಿದ್ದು ನಾಳೆ ಓದ್ಲಾ?" ಎಂದು ಅರ್ಧ ಪುಟಕ್ಕೆ ಬೆರಳು ನಿಲ್ಲಿಸಿ ಮಗಳು ಕೇಳಿದಳು.

"ಹೂಂ, ನಾಳೆ ಓದು," ಎಂದಳು. ಹಾಗೆನ್ನುವ ಮೊದಲು ಅವಳ ಕಣ್ಣು ಗೋಡೆಯ ಮೇಲೆ ವೇಳಾಪಟ್ಟಿ ಇದ್ದ ಜಾಗಕ್ಕೆ ಹೋಗಿ ಬಂದಿತ್ತು.